ಇದು ಯಾರ ಅನುಕೂಲಕ್ಕೆ?

ಅಂಗವಿಕಲರಿಗೆ ಓದಲು, ಬರೆಯಲು, ಕಲಿಯಲು ನೆರವಾಗುವ ಸಾಧನಗಳ ಬಗ್ಗೆ ಮಾತಾಡಿ ಅಂತ ಹೇಳಿದ್ದೀರಿ. ಪಟ್ಟಿ ಓದುತ್ತಾ ಹೋದರೆ ಸಂಜೆಯಾದೀತು. ಊರುಗೋಲೂ ಈ ಪಟ್ಟಿಯಲ್ಲಿದೆ, ಮಾತಾಡುವ ಕಂಪ್ಯೂಟರೂ ಇದೆ. ಕನ್ನಡಕವೂ ಇದೆ. ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನ ಮೂಗಿನ ಮೇಲೆ ಸಹಾಯಕ ಸಾಧನ ಏರಿಸಿಕೊಂಡೇ ಬಂದಿದ್ದೀರಿ. ಯಾರೂ ನಿಮ್ಮನ್ನು ನೋಡಿ ‘ಅಯ್ಯೋ ಪಾಪ’ ಅನ್ನಲಿಲ್ಲ, ಅಲ್ವಾ?

ಪಟ್ಟಿ ಬಿಟ್ಟು ನಾನು ಒಂದು ಪ್ರಶ್ನೆ ಹಿಡಿದುಕೊಳ್ಳುತ್ತೇನೆ. ಯಾವುದೇ ಸಾಧನ ನೋಡಿದಾಗಲೂ ನನಗೆ ಮೊದಲು ಬರುವ ಪ್ರಶ್ನೆ ಅದು. ಇದು ಯಾರ ಅನುಕೂಲಕ್ಕೆ ಮಾಡಿದ್ದು? ಬಳಸುವವರ ಅನುಕೂಲಕ್ಕೋ, ಪಕ್ಕದಲ್ಲಿ ನಿಂತು ನೋಡುವವರ ಅನುಕೂಲಕ್ಕೋ?

ಒಂದು ಹಳೆಯ ಕಥೆಯಿಂದ ಶುರು ಮಾಡುತ್ತೇನೆ. 1780ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ವ್ಯಾಲೆಂಟಿನ್ ಆಯ್ ಎಂಬಾತ ಅಂಧ ಮಕ್ಕಳಿಗಾಗಿ ಶಾಲೆ ತೆರೆದ. ಅಂಥ ಮಕ್ಕಳೂ ಓದಬಲ್ಲರು ಎಂದು ನಂಬುವುದೇ ಆಗ ದೊಡ್ಡ ಮಾತು. ಅವನು ಮಾಮೂಲಿ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಿಸಿ ಅಚ್ಚು ಹಾಕಿಸಿದ. ಮಕ್ಕಳು ಒಂದೊಂದೇ ಅಕ್ಷರದ ಅಂಚು ಸವರಿ ಸವರಿ ಓದಬೇಕು. ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತೋ ಮರೆತುಹೋಗಿರುತ್ತದೆ. ಪುಸ್ತಕಗಳೋ ಗಾತ್ರದಲ್ಲೂ ತೂಕದಲ್ಲೂ ಭಾರಿ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಓದಿದ್ದನ್ನು ಅದೇ ರೀತಿ ಬರೆಯಲು ಮಕ್ಕಳಿಗೆ ದಾರಿಯೇ ಇರಲಿಲ್ಲ. ಆದರೆ ಆ ಪುಸ್ತಕಗಳಿಗೆ ಒಂದು ಗುಣ ಇತ್ತು. ಕಣ್ಣು ಕಾಣುವ ಮೇಷ್ಟ್ರು ಅವನ್ನು ಸಲೀಸಾಗಿ ಓದಬಹುದಿತ್ತು!

1819ರಲ್ಲಿ ಆ ಶಾಲೆಗೆ ಹತ್ತು ವರ್ಷದ ಲೂಯಿ ಬ್ರೈಲ್ ಸೇರಿದ. ಒಂದೆರಡು ವರ್ಷಕ್ಕೆ ಚಾರ್ಲ್ಸ್ ಬಾರ್ಬಿಯೇ ಎಂಬಾತ ತಾನು ಕಂಡುಹಿಡಿದ ಚುಕ್ಕಿಗಳ ಬರವಣಿಗೆಯನ್ನು ಶಾಲೆಗೆ ತಂದ. ಚುಕ್ಕಿ ಬೆರಳಿಗೆ ಚೆನ್ನಾಗಿ ಸಿಗುತ್ತದೆ, ಮಕ್ಕಳೇ ಕಡ್ಡಿಯಿಂದ ಚುಚ್ಚಿ ಬರೆಯಲೂಬಹುದು. ಆದರೆ ಒಂದು ಗುರುತಿಗೆ ಹನ್ನೆರಡು ಚುಕ್ಕಿಗಳ ಜಾಗ ಬೇಕಿತ್ತು. ಬೆರಳ ತುದಿಗೆ ಅಷ್ಟು ಒಟ್ಟಿಗೆ ಸಿಗುವುದಿಲ್ಲ. ಬೆರಳನ್ನು ಮೇಲೆ ಕೆಳಗೆ ಆಡಿಸಬೇಕು. ಅದು ಸದ್ದನ್ನು ಬರೆಯುತ್ತಿತ್ತೇ ಹೊರತು ಕಾಗುಣಿತವನ್ನಲ್ಲ. ಬ್ರೈಲ್ ಅದನ್ನು ಅರ್ಧಕ್ಕೆ ಇಳಿಸಿದ. ಆರೇ ಚುಕ್ಕಿ, ಬೆರಳ ತುದಿಯ ಕೆಳಗೆ ಒಂದೇ ಸಲಕ್ಕೆ ಸಿಗುವಷ್ಟು. ಆರು ಚುಕ್ಕಿಗಳಲ್ಲಿ ಯಾವುದು ಉಬ್ಬಿದೆ, ಯಾವುದು ಇಲ್ಲ ಎಂದು ಲೆಕ್ಕ ಹಾಕಿದರೆ 63 ಬೇರೆ ಬೇರೆ ಗುರುತು ಸಿಗುತ್ತವೆ. 1824ರ ಹೊತ್ತಿಗೆ, ಹದಿನೈದನೇ ವಯಸ್ಸಿಗೆ, ಅವನ ಲಿಪಿ ಹೆಚ್ಚು ಕಡಿಮೆ ತಯಾರಾಗಿತ್ತು.

ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು ಯಾವಾಗ ಗೊತ್ತೇ? 1854ರಲ್ಲಿ. ಬ್ರೈಲ್ ತೀರಿಕೊಂಡು ಎರಡು ವರ್ಷದ ನಂತರ. ನಡುವೆ ಒಂದಷ್ಟು ಕಾಲ ಶಾಲೆಯಲ್ಲಿ ಅದಕ್ಕೆ ನಿಷೇಧವೂ ಇತ್ತು. ಮಕ್ಕಳು ಕದ್ದುಮುಚ್ಚಿ ಅದರಲ್ಲೇ ಬರೆದುಕೊಳ್ಳುತ್ತಿದ್ದರು. ಮೇಷ್ಟ್ರುಗಳ ಕಷ್ಟ ಅರ್ಥ ಮಾಡಿಕೊಳ್ಳಿ. ಮಕ್ಕಳು ಏನು ಬರೆಯುತ್ತಿದ್ದಾರೆ ಅಂತ ಅವರಿಗೆ ಓದಲು ಬರುತ್ತಿರಲಿಲ್ಲ.

ಈ ಕಥೆ ಸುಮ್ನೆ ಹೇಳಲಿಲ್ಲ. ಉಬ್ಬು ಅಕ್ಷರ ಮಾಡಿದವರು ಕೆಟ್ಟವರಲ್ಲ, ಅವರ ಮನಸ್ಸು ಒಳ್ಳೆಯದೇ. ಆದರೆ ‘ನಮ್ಮ ಅಕ್ಷರವನ್ನೇ ಅವರಿಗೂ ಮುಟ್ಟಿಸೋಣ’ ಎಂದು ಯೋಚಿಸಿದರು. ‘ಬೆರಳಿಗೆ ಏನು ಬೇಕು’ ಎಂದು ಯೋಚಿಸಿದ್ದು ಬೆರಳಿಂದಲೇ ಓದಬೇಕಿದ್ದ ಹುಡುಗ.

ಇದು ಹಳೇ ಕಾಲದ ಮಾತು ಅನ್ನಬೇಡಿ. 1993ರಲ್ಲಿ ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಅಂಗವಿಕಲರನ್ನು ಮಾತಾಡಿಸಿ ಒಂದು ಅಧ್ಯಯನ ಮಾಡಿದರು. ಕೈಗೆ ಬಂದ ಸಾಧನಗಳಲ್ಲಿ ಸುಮಾರು 29 ಶೇಕಡಾ ಮೂಲೆ ಸೇರಿದ್ದವು. ಯಾಕೆ ಬಿಟ್ಟರು ಎಂದು ನೋಡಿದರೆ, ಮುಖ್ಯ ಕಾರಣಗಳಲ್ಲಿ ಒಂದು ತೀರಾ ಸರಳ. ಆರಿಸುವಾಗ ಬಳಸುವವರನ್ನು ಸರಿಯಾಗಿ ಕೇಳಿರಲಿಲ್ಲ. ಹಾಗೆಂದು ಸಾಧನಗಳು ಬೇಕಾದ್ದಕ್ಕಿಂತ ಜಾಸ್ತಿ ಇವೆ ಎಂದೂ ತಿಳಿಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಹೇಳಿದ ಪ್ರಕಾರ ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಸಹಾಯಕ ಸಾಧನ ಬೇಕು. ಕೆಲವು ಬಡ ದೇಶಗಳಲ್ಲಿ ಬೇಕಾದವರಲ್ಲಿ ನೂರಕ್ಕೆ ಮೂರು ಜನಕ್ಕಷ್ಟೇ ಅದು ಸಿಗುತ್ತಿದೆ. ಒಂದು ಕಡೆ ಸಿಗದವರು, ಇನ್ನೊಂದು ಕಡೆ ಸಿಕ್ಕಿಯೂ ಮೂಲೆಗಿಟ್ಟವರು.

ಈಗ ಸ್ಕ್ರೀನ್ ರೀಡರ್‌ಗೆ ಬರುತ್ತೇನೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಇದನ್ನು ಮೊದಲ ಸಲ ಕೇಳಿದವರು ಎರಡು ಮಾತು ಹೇಳುತ್ತಾರೆ. ‘ಏನಪ್ಪಾ ಇಷ್ಟು ಜೋರಾಗಿ ಓಡುತ್ತಿದೆ’, ‘ದನಿ ಯಾಕೆ ಇಷ್ಟು ಗೊಗ್ಗರು’. ಎರಡಕ್ಕೂ ಕಾರಣ ಒಂದೇ. ನೀವು ಪುಟದ ಮೇಲೆ ಕಣ್ಣಾಡಿಸುತ್ತೀರಿ. ಅವರು ಕಿವಿಯಾಡಿಸುತ್ತಾರೆ. ವರ್ಷಗಟ್ಟಲೆ ಬಳಸಿದವರು ನಮ್ಮ ಮಾತಿನ ಎರಡು ಮೂರು ಪಟ್ಟು ವೇಗದಲ್ಲಿ ಕೇಳುತ್ತಾರೆ. ಆ ವೇಗದಲ್ಲಿ ಮನುಷ್ಯರಂತೆ ಏರಿಳಿಯುವ ಇಂಪಾದ ದನಿ ಕಲಸಿಹೋಗುತ್ತದೆ. ಗೊಗ್ಗರು ದನಿಯಲ್ಲಿ ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತದೆ. ನನ್ನ ಗೆಳೆಯನೊಬ್ಬನಿಗೆ ಯಾರೋ ಪ್ರೀತಿಯಿಂದ ಹೊಸ ಸುಂದರ ದನಿ ಹಾಕಿಕೊಟ್ಟರು. ಸಂಜೆಗೇ ಅವನು ಹಳೆಯದಕ್ಕೆ ವಾಪಸ್. ‘ಇದು ಕಥೆ ಹೇಳೋಕೆ ಚೆನ್ನಾಗಿದೆ, ನನಗೆ ನಲವತ್ತು ಮೇಲ್ ನೋಡೋದಿದೆ’ ಅಂದ. ಇಂಪು ಯಾರಿಗೆ ಬೇಕಿತ್ತು? ಪಕ್ಕದಲ್ಲಿ ಕೂತವರಿಗೆ.

ಜಾಸ್ ಎಂಬ ಸ್ಕ್ರೀನ್ ರೀಡರ್ 1989ರಿಂದ ಇದೆ. ಅದಕ್ಕೆ ದುಡ್ಡು ಕೊಡಬೇಕು. 2006ರಲ್ಲಿ ಮೈಕೆಲ್ ಕರನ್ ಎಂಬ ಆಸ್ಟ್ರೇಲಿಯಾದ ಅಂಧ ಯುವಕ ಎನ್‌ವಿಡಿಎ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಬರೆಯಲು ಶುರು ಮಾಡಿದ. ಆಮೇಲೆ ಅವನ ಗೆಳೆಯ, ಅವನೂ ಅಂಧ, ಜೇಮ್ಸ್ ಟೇ ಜೊತೆಯಾದ. ಇದು ಉಚಿತ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಕೋಡ್ ತೆರೆದು ತಿದ್ದಲೂಬಹುದು. ಇಲ್ಲಿಯೂ ನೋಡಿ, ಬೆರಳು ಯಾರದೋ, ಯೋಚನೆಯೂ ಅವರದೇ.

ಆದರೆ ನಾನು ಇವತ್ತು ಜಾಸ್ತಿ ಹೊತ್ತು ನಿಲ್ಲಬೇಕೆಂದಿರುವುದು ಸ್ಕ್ರೀನ್ ರೀಡರ್ ಮೇಲಲ್ಲ, ನಾವು ಅದರ ಮುಂದೆ ಇಡುವ ಪುಟದ ಮೇಲೆ. ನೀವು ಪಾಠದ ಟಿಪ್ಪಣಿಯ ಫೋಟೋ ತೆಗೆದು ಗುಂಪಿಗೆ ಹಾಕುತ್ತೀರಿ. ಎಲ್ಲರಿಗೂ ತಲುಪಿತು ಅಂದುಕೊಳ್ಳುತ್ತೀರಿ. ಸ್ಕ್ರೀನ್ ರೀಡರ್‌ಗೆ ಅಲ್ಲಿ ಕಾಣುವುದು ‘ಚಿತ್ರ’ ಅಷ್ಟೇ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಹಾಗೇ. ನೂರು ಪುಟ ಇದ್ದರೂ ನೂರು ಚಿತ್ರ. ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶಗಳಿವೆ, ನಿಜ. ಆದರೆ ಓರೆಯಾಗಿ ತೆಗೆದ, ನೆರಳು ಬಿದ್ದ ಫೋಟೋದಿಂದ ಅವು ಎತ್ತುವುದು ಅರ್ಧ ಅಕ್ಷರ, ಅರ್ಧ ಕಸ. ಫೋಟೋ ತೆಗೆಯುವುದು ಕಳಿಸುವವರಿಗೆ ಸುಲಭ.

ಕನ್ನಡಕ್ಕೆ ಇನ್ನೊಂದು ಶಾಪ ಇದೆ. ಯೂನಿಕೋಡ್‌ಗೆ, ಅಂದರೆ ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ವ್ಯವಸ್ಥೆಗೆ, ಮುಂಚಿನ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು. ಕಣ್ಣಿಗೆ ಅಚ್ಚ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಕೇಳಿದರೆ ಮಂತ್ರ ಹೇಳಿದ ಹಾಗಿರುತ್ತದೆ, ಯಾವ ಭಾಷೆಯೂ ಅಲ್ಲ. ನಿಮ್ಮ ಹತ್ತಿರ ಇರುವ ಹಳೆಯ ಪಾಠಗಳನ್ನು ಯೂನಿಕೋಡ್‌ಗೆ ಬದಲಾಯಿಸಲು ಪರಿವರ್ತಕಗಳಿವೆ. ಬದಲಾಯಿಸಿ ಒಮ್ಮೆ ಒತ್ತಕ್ಷರ, ಅರ್ಕಾವತ್ತು ಸರಿ ಬಂದಿದೆಯಾ ನೋಡಿಬಿಡಿ. ಅಲ್ಲೇ ಜಾಸ್ತಿ ಕೆಡುವುದು.

ಇನ್ನು ತಲೆಬರಹ. ನಾವು ಶೀರ್ಷಿಕೆಯನ್ನು ದಪ್ಪ ಮಾಡಿ, ದೊಡ್ಡದು ಮಾಡಿ, ನಡುವಿಗೆ ತಂದು ಬಿಡುತ್ತೇವೆ. ಕಣ್ಣಿಗೆ ಅದು ಶೀರ್ಷಿಕೆ, ಯಂತ್ರಕ್ಕೆ ಅದು ದಪ್ಪನೆಯ ಇನ್ನೊಂದು ಸಾಲು. ವರ್ಡ್‌ನಲ್ಲಿ ‘ಹೆಡಿಂಗ್’ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಮಾತ್ರ ಅದು ನಿಜವಾದ ತಲೆಬರಹ. ಆಗ ಎನ್‌ವಿಡಿಎ ಬಳಸುವವರು ಆ ಕಡತದಲ್ಲಿ ಒಂದು ತಲೆಬರಹದಿಂದ ಇನ್ನೊಂದಕ್ಕೆ ನೆಗೆಯಬಹುದು. ಜಾಲತಾಣಗಳಲ್ಲಂತೂ ಅದಕ್ಕೆ ‘ಎಚ್’ ಕೀಲಿ ಒತ್ತಿದರೆ ಸಾಕು. ಇಲ್ಲದಿದ್ದರೆ ಐದನೇ ಪಾಠ ಬೇಕೆಂದರೂ ಮೊದಲ ಸಾಲಿನಿಂದ ಕೇಳುತ್ತಾ ಬರಬೇಕು. ನಿಮಗೆ ಒಂದು ಕ್ಲಿಕ್‌ನ ಕೆಲಸ, ಅವರಿಗೆ ಅರ್ಧ ಗಂಟೆಯ ಉಳಿತಾಯ. ಲಿಂಕ್‌ಗಳೂ ಹಾಗೆಯೇ. ಪುಟದಲ್ಲಿರುವ ಲಿಂಕ್‌ಗಳನ್ನು ಮಾತ್ರ ಪಟ್ಟಿಯಾಗಿ ಕೇಳುವ ಸೌಲಭ್ಯ ಇದೆ. ನೀವು ಎಲ್ಲದಕ್ಕೂ ‘ಇಲ್ಲಿ ಒತ್ತಿ’ ಎಂದು ಬರೆದಿದ್ದರೆ ಆ ಪಟ್ಟಿ ಹೀಗೆ ಕೇಳುತ್ತದೆ: ಇಲ್ಲಿ ಒತ್ತಿ, ಇಲ್ಲಿ ಒತ್ತಿ, ಇಲ್ಲಿ ಒತ್ತಿ. ಎಲ್ಲಿ ಒತ್ತೋದು?

ಗಣಿತ ಇನ್ನೂ ಮಜಾ. ಈಗ ನಾನು ಹೇಳುವುದನ್ನು ಮನಸ್ಸಿನಲ್ಲಿ ಬರೆದುಕೊಳ್ಳಿ. ಎಕ್ಸ್ ಪ್ಲಸ್ ಒಂದು ಬೈ ಎರಡು. ಬರೆದುಕೊಂಡಿರಾ? ಎಕ್ಸ್‌ನ ಬೆಲೆ ಮೂರು ಅನ್ನೋಣ. ಉತ್ತರ ಏನು? ಕೆಲವರು ಎರಡು ಅಂದಿರಿ, ಕೆಲವರು ಮೂರೂವರೆ. ಇಬ್ಬರೂ ಸರಿ. ಎಕ್ಸ್ ಪ್ಲಸ್ ಒಂದು ಇಡೀ ಎರಡರ ಮೇಲಿದೆಯೋ, ಒಂದು ಮಾತ್ರ ಎರಡರ ಮೇಲಿದೆಯೋ, ನಾನು ಹೇಳಲೇ ಇಲ್ಲ. ಕಣ್ಣಿಗಾದರೆ ಗೆರೆಯ ಉದ್ದ ಹೇಳಿಬಿಡುತ್ತದೆ. ಕಿವಿಗೆ ಗೆರೆ ಇಲ್ಲ. ಹುಟ್ಟಿನಿಂದಲೇ ಕಣ್ಣು ಕಾಣದಿದ್ದ ಗಣಿತಜ್ಞ ಏಬ್ರಹಾಂ ನೆಮೆತ್ ಇದಕ್ಕಾಗಿಯೇ ಕೂತು ಗಣಿತಕ್ಕೆ ಒಂದು ಬ್ರೈಲ್ ಸಂಕೇತ ಕಟ್ಟಿದರು. ಅದು 1952ರಲ್ಲಿ ಪ್ರಕಟವಾಯಿತು. ‘ಭಿನ್ನರಾಶಿ ಶುರು’, ‘ಗೆರೆ’, ‘ಭಿನ್ನರಾಶಿ ಮುಗಿಯಿತು’ ಎಂದು ಗಟ್ಟಿಯಾಗಿ ಓದಿ ಹೇಳುವುದಕ್ಕೂ ಒಂದು ಕ್ರಮ ಮಾಡಿದರು. ಇವತ್ತು ಕಂಪ್ಯೂಟರ್‌ನಲ್ಲಿ ಸಮೀಕರಣವನ್ನು ಚಿತ್ರವಾಗಿ ಅಂಟಿಸದೆ ಸಮೀಕರಣವಾಗಿಯೇ ಟೈಪ್ ಮಾಡಿದರೆ, ಸ್ಕ್ರೀನ್ ರೀಡರ್ ಅದನ್ನು ಇದೇ ರೀತಿ ಬಿಡಿಸಿ ಓದಬಲ್ಲದು. ತರಗತಿಯಲ್ಲಿ ಬೋರ್ಡ್ ಮೇಲೆ ಬರೆಯುತ್ತಾ ‘ಇದನ್ನು ಇದರಿಂದ ಭಾಗಿಸಿದರೆ ಇದು’ ಅನ್ನುತ್ತೀರಲ್ಲ, ಆ ‘ಇದು’ಗಳ ಬದಲು ಹೆಸರು ಹೇಳಿ. ಅದಕ್ಕೆ ಯಾವ ಸಾಧನವೂ ಬೇಡ. ಹಿಂದಿನ ಬೆಂಚಿನವರಿಗೂ ಅರ್ಥವಾಗುತ್ತದೆ.

ಒಂದು ಪ್ರಶ್ನೆ ಎಲ್ಲಾ ಕಡೆ ಕೇಳುತ್ತಾರೆ. ಮಾತಾಡುವ ಫೋನ್ ಬಂದಮೇಲೆ ಬ್ರೈಲ್ ಯಾಕೆ ಸರ್? ನಾನು ವಾಪಸ್ ಕೇಳುತ್ತೇನೆ. ಕಣ್ಣು ಕಾಣುವ ಮಕ್ಕಳಿಗೆ ಎಲ್ಲವನ್ನೂ ಓದಿ ಹೇಳುವ ಫೋನ್ ಇದೆಯಲ್ಲ, ಅಕ್ಷರ ಕಲಿಸುವುದನ್ನು ನಿಲ್ಲಿಸೋಣವಾ? ಬರೀ ಕೇಳಿ ಕಲಿತವರಿಗೆ ಪದದ ರೂಪ ಗೊತ್ತಿರುವುದಿಲ್ಲ. ನಾವು ಮಾತಾಡುವಾಗ ಮಹಾಪ್ರಾಣ ಎಷ್ಟು ಸಲ ನುಂಗುತ್ತೇವೆ! ‘ವಿದ್ಯಾರ್ಥಿ’ ಎಂಬುದು ಎಷ್ಟೋ ಬಾಯಲ್ಲಿ ‘ವಿದ್ಯಾರ್ತಿ’. ಕೇಳಿದ್ದನ್ನೇ ಬರೆದರೆ ತಪ್ಪು ಯಾರದು? ಬೆರಳಿಗೆ ಪದ ಸಿಕ್ಕರೆ ‘ಥ’ ಬೇರೆ, ‘ತ’ ಬೇರೆ. ನಮ್ಮ ದೇಶದ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರಕ್ಕೂ ಚಂದದ ವ್ಯವಸ್ಥೆ ಇದೆ. ನಮ್ಮ ಹಾಗೆ ಒಂದರ ಕೆಳಗೆ ಒಂದು ತೂಗು ಹಾಕುವುದಿಲ್ಲ. ‘ಅಮ್ಮ’ ಬರೆಯಲು ಮೊದಲು ‘ಅ’, ಆಮೇಲೆ ‘ಮುಂದಿನದಕ್ಕೆ ಸ್ವರ ಇಲ್ಲ’ ಅನ್ನುವ ಒಂಟಿ ಚುಕ್ಕಿ, ಆಮೇಲೆ ‘ಮ’, ಇನ್ನೊಂದು ‘ಮ’. ಒಂದು ಗುರುತಿನ ಚುಕ್ಕಿಗಳು ಕೂರುವ ಜಾಗಕ್ಕೆ ಮನೆ ಅನ್ನೋಣ. ನಾಲ್ಕು ಮನೆ, ಒಂದೇ ಸಾಲು. ಒತ್ತಕ್ಷರ ಕಲಿಯುವಾಗ ನಾವು ಪಟ್ಟ ಪಾಡು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ.

ಕಂಪ್ಯೂಟರ್‌ಗೆ ಜೋಡಿಸುವ ಬ್ರೈಲ್ ಪಟ್ಟಿಗಳೂ ಇವೆ. ಪರದೆಯ ಸಾಲು ಅಲ್ಲಿ ಚುಕ್ಕಿಯಾಗಿ ಏಳುತ್ತದೆ, ಓದಿ ಮುಗಿಸಿದರೆ ಮುಂದಿನದು ಏಳುತ್ತದೆ. ಇವು ಯಾಕೆ ದುಬಾರಿ ಅಂದರೆ, ಒಂದೊಂದು ಚುಕ್ಕಿಯ ಕೆಳಗೂ ವಿದ್ಯುತ್ ಕೊಟ್ಟರೆ ಬಾಗುವ ಸಣ್ಣ ಸೆರಾಮಿಕ್ ಪಟ್ಟಿ ಇರುತ್ತದೆ. ಕಂಪ್ಯೂಟರ್ ಬ್ರೈಲ್‌ನಲ್ಲಿ ಒಂದು ಮನೆಗೆ ಆರಲ್ಲ, ಎಂಟು ಚುಕ್ಕಿ. ನಲವತ್ತು ಮನೆಯ ಸಾಲಿಗೆ 320 ಪುಟ್ಟ ಯಂತ್ರಗಳು. ಅಷ್ಟೂ ಸೇರಿ ತೋರಿಸುವುದು ಒಂದು ಸಾಲನ್ನು.

ಒಂದು ನಿಮಿಷ ದಾರಿ ತಪ್ಪುತ್ತೇನೆ. ಟೈಪ್‌ರೈಟರ್‌ನ ಹಳೆಯ ಚರಿತ್ರೆಯಲ್ಲಿ ಪೆಲ್ಲೆಗ್ರಿನೋ ಟುರ್ರಿ ಎಂಬ ಇಟಲಿಯವನ ಹೆಸರು ಬರುತ್ತದೆ. ಕಣ್ಣು ಕಾಣದ ಗೆಳತಿಯೊಬ್ಬಳು ಯಾರಿಗೂ ಹೇಳಿ ಬರೆಸದೆ ತಾನೇ ಪತ್ರ ಬರೆಯಲಿ ಅಂತ 1800ರ ದಶಕದಲ್ಲೇ ಒಂದು ಯಂತ್ರ ಮಾಡಿಕೊಟ್ಟ. ಯಂತ್ರ ಉಳಿದಿಲ್ಲ. ಅವಳು ಅದರಲ್ಲಿ ಒತ್ತಿದ ಪತ್ರಗಳು ಉಳಿದಿವೆ. ಆ ಯಂತ್ರದ ಗುಣ ಏನು ಹೇಳಿ? ಪತ್ರದಲ್ಲಿ ಏನಿದೆ ಎಂದು ನಡುವಿನವರಿಗೆ ಗೊತ್ತಾಗಬೇಕಿಲ್ಲ. ಗುಟ್ಟು ಇಟ್ಟುಕೊಳ್ಳುವ ಹಕ್ಕು. ಸಾಧನಗಳ ಬಗ್ಗೆ ಮಾತಾಡುವಾಗ ಇದನ್ನು ನಾವು ಮರೆತೇಬಿಡುತ್ತೇವೆ.

ಇದೇ ಎಳೆ ಹಿಡಿದು ಮಾತು ಬಾರದ ಮಕ್ಕಳ ವಿಷಯಕ್ಕೆ ಬರುತ್ತೇನೆ. ಚಿತ್ರಗಳನ್ನು ಮುಟ್ಟಿ ಮಾತಾಡುವ ಹಲಗೆಗಳಿವೆ, ಮುಟ್ಟಿದರೆ ದನಿ ಬರುವ ಟ್ಯಾಬ್ಲೆಟ್‌ಗಳಿವೆ. ನಾನು ನೋಡಿದ ಎಷ್ಟೋ ಹಲಗೆಗಳಲ್ಲಿ ಇದ್ದ ಪದಗಳು ಇಷ್ಟೇ. ಊಟ, ನೀರು, ಬಾತ್‌ರೂಮು, ನಿದ್ದೆ, ಥ್ಯಾಂಕ್ಸ್. ಇದು ಯಾರ ಅನುಕೂಲಕ್ಕೆ? ನೋಡಿಕೊಳ್ಳುವವರ ಅನುಕೂಲಕ್ಕೆ. ಮಗುವಿಗೆ ‘ಬೇಡ’ ಎನ್ನಲು ಪದ ಇಲ್ಲ. ‘ಇನ್ನೂ ಬೇಕು’, ‘ಯಾಕೆ’, ‘ನಾನಲ್ಲ’, ‘ನಿಲ್ಲಿಸು’ ಇಲ್ಲ. ಜಗಳ ಆಡಲು ಬಾರದ ಭಾಷೆ ಎಂಥ ಭಾಷೆ ಸ್ವಾಮಿ? ನಾವು ದಿನವಿಡೀ ಆಡುವ ಮಾತಿನಲ್ಲಿ ಬಹುಪಾಲು ಇಂಥ ಚಿಕ್ಕ ಚಿಕ್ಕ ಪದಗಳೇ. ಹಲಗೆಯಲ್ಲಿ ಮೊದಲು ಅವು ಬರಲಿ.

ಒಂದು ಶಾಲೆಗೆ ಹೋಗಿದ್ದೆ. ‘ನಮ್ಮಲ್ಲಿ ಟ್ಯಾಬ್ಲೆಟ್ ಇದೆ ಸರ್’ ಎಂದು ಹೆಮ್ಮೆಯಿಂದ ಬೀರು ತೆಗೆದು ತೋರಿಸಿದರು. ಪ್ಲಾಸ್ಟಿಕ್ ಹೊದಿಕೆ ಕೂಡ ಹಾಗೇ ಇತ್ತು. ಹಾಳಾಗಬಾರದು ಅಂತ ಶುಕ್ರವಾರ ಮಾತ್ರ ಹೊರಗೆ ತೆಗೆಯುತ್ತಾರಂತೆ. ಅಂದರೆ ಆ ಹುಡುಗಿಗೆ ವಾರಕ್ಕೊಂದು ದಿನ ಬಾಯಿ. ನಾನು ಅಲ್ಲಿ ಏನೂ ಹೇಳಲಿಲ್ಲ, ಹೇಳಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ತಾಯಿ ತಂದೆಯರಿಗೆ ಇನ್ನೊಂದು ಭಯ ಇರುತ್ತದೆ. ಟ್ಯಾಬ್ಲೆಟ್ ಕೊಟ್ಟರೆ ಮಗು ಬಾಯಿಬಿಟ್ಟು ಮಾತಾಡುವುದನ್ನೇ ಬಿಟ್ಟುಬಿಟ್ಟರೆ? ಸಂಶೋಧಕರು ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಇಂಥ ಸಾಧನ ಮಾತನ್ನು ತಡೆದದ್ದು ಕಂಡುಬಂದಿಲ್ಲ. ಎಷ್ಟೋ ಮಕ್ಕಳಲ್ಲಿ ಮಾತು ಸ್ವಲ್ಪ ಹೆಚ್ಚೇ ಆಗಿದೆ. ಆದರೆ ಮಗುವಿನ ಕೈಗೆ ಕೊಟ್ಟು ‘ಮಾತಾಡು’ ಅಂದರೆ ಆಗುವುದಿಲ್ಲ. ನೀವೂ ಅದೇ ಹಲಗೆ ಮುಟ್ಟಿ ಮಾತಾಡಬೇಕು. ಮಕ್ಕಳು ಭಾಷೆ ಕಲಿಯುವುದೇ ಸುತ್ತಲಿನವರನ್ನು ನೋಡಿ. ಇನ್ನೊಂದು ಮಾತು, ಚಿತ್ರಗಳ ಜಾಗ ಪದೇ ಪದೇ ಬದಲಾಯಿಸಬೇಡಿ. ಕೈಗೆ ಜಾಗ ಅಭ್ಯಾಸವಾಗಿರುತ್ತದೆ. ರಾತ್ರೋರಾತ್ರಿ ನಿಮ್ಮ ಕೀಬೋರ್ಡ್‌ನ ಅಕ್ಷರ ಅದಲುಬದಲು ಮಾಡಿದರೆ ಹೇಗಿರುತ್ತದೆ?

ಮಾತು ಕಳೆದುಕೊಂಡಿದ್ದ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ದನಿ ನಿಮಗೆ ನೆನಪಿರಬಹುದು. ಅದು ಡೆನ್ನಿಸ್ ಕ್ಲಾಟ್ ಎಂಬ ವಿಜ್ಞಾನಿ ತನ್ನದೇ ದನಿಯನ್ನು ಆಧಾರವಾಗಿಟ್ಟು ಕಟ್ಟಿದ್ದ ಯಂತ್ರದ ದನಿ. ಮುಂದೆ ಅದಕ್ಕಿಂತ ಎಷ್ಟೋ ಸಹಜವಾದ ದನಿಗಳು ಬಂದವು. ಹಾಕಿಂಗ್ ಬದಲಾಯಿಸಲಿಲ್ಲ. ಅಷ್ಟು ಹೊತ್ತಿಗೆ ಅದು ಅವರ ದನಿಯಾಗಿತ್ತು. ಕೊನೆಯ ವರ್ಷಗಳಲ್ಲಿ ಕೈ ಪೂರ್ತಿ ಸೋತಾಗ, ಕೆನ್ನೆಯ ಸಣ್ಣ ಅಲುಗಾಟವನ್ನು ಕನ್ನಡಕಕ್ಕೆ ಕಟ್ಟಿದ ಸಂವೇದಕ ಹಿಡಿಯುತ್ತಿತ್ತು. ಅದರಿಂದಲೇ ಅಕ್ಷರ ಆರಿಸುತ್ತಿದ್ದರು. ಒಂದೊಂದು ಪದಕ್ಕೂ ಕಾಯಬೇಕಿತ್ತು. ಜನ ಕಾದರು. ನಿಮ್ಮ ತರಗತಿಯಲ್ಲಿ ಒಂದು ಮಗು ಒಂದು ವಾಕ್ಯ ಕಟ್ಟಲು ಎರಡು ನಿಮಿಷ ತೆಗೆದುಕೊಂಡರೆ ಕಾಯುತ್ತೀರಾ, ಮಧ್ಯೆ ನೀವೇ ಮುಗಿಸಿಬಿಡುತ್ತೀರಾ?

ಕಿವಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಶ್ರವಣ ಯಂತ್ರ ಹಾಕಿದ ಮಗುವಿಗೆ ಎಲ್ಲ ಕೇಳುತ್ತದೆ ಅಂತ ನಾವು ನಂಬಿಬಿಡುತ್ತೇವೆ. ಯಂತ್ರ ನಿಮ್ಮ ಮಾತನ್ನೂ ದೊಡ್ಡದು ಮಾಡುತ್ತದೆ, ಫ್ಯಾನ್ ಸದ್ದನ್ನೂ, ಬೆಂಚು ಎಳೆಯುವ ಸದ್ದನ್ನೂ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಆರು ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಪ್ರತಿಧ್ವನಿ ಬೇರೆ ಸೇರಿ ಮಾತು ಮಸುಕಾಗುತ್ತದೆ. ಅದಕ್ಕೇ ಮೇಷ್ಟ್ರು ಕೊರಳಿಗೆ ಹಾಕಿಕೊಳ್ಳುವ ಮೈಕ್ ಇದೆ. ದನಿ ಬಾಯಿಯ ಹತ್ತಿರದಿಂದ ನೇರ ಮಗುವಿನ ಕಿವಿಯ ಯಂತ್ರಕ್ಕೆ ಹೋಗುತ್ತದೆ. ಅದು ಇಲ್ಲದಿದ್ದರೂ ಒಂದು ಕೆಲಸ ಮಾಡಬಹುದು. ಬೋರ್ಡ್ ಕಡೆ ತಿರುಗಿಕೊಂಡು ಮಾತಾಡಬೇಡಿ, ತುಟಿ ಓದುವವರಿಗೆ ನಿಮ್ಮ ಬೆನ್ನು ಏನೂ ಹೇಳುವುದಿಲ್ಲ. ಸನ್ನೆ ಭಾಷೆಯಲ್ಲಿ ಬೆಳೆದ ಮಗುವಿಗೆ ವಿಡಿಯೋ ಕೆಳಗಿನ ಅಕ್ಷರ ಎರಡನೇ ಭಾಷೆ, ಅದೂ ನೆನಪಿರಲಿ. ಸನ್ನೆ ಭಾಷೆ ನಮ್ಮ ಮಾತನ್ನು ಕೈಯಲ್ಲಿ ಆಡಿ ತೋರಿಸುವುದಲ್ಲ, ಅದಕ್ಕೆ ಅದರದೇ ವ್ಯಾಕರಣ ಇದೆ.

ಓದುವುದೇ ಕಷ್ಟವಾಗುವ, ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ವಿಶೇಷ ಫಾಂಟ್ ಬಂದಿದೆ ಅಂತ ಕೇಳಿರುತ್ತೀರಿ. ಅಕ್ಷರದ ಆಕಾರ ಬದಲಾಯಿಸಿದ್ದರಿಂದ ಓದು ಸುಧಾರಿಸಿತು ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಟ್ಟರೆ ಎಷ್ಟೋ ಮಕ್ಕಳಿಗೆ ಅನುಕೂಲ ಎಂಬುದಕ್ಕೆ ಇದೆ. ಕನ್ನಡದಲ್ಲಿ ಸಾಲುಗಳ ನಡುವೆಯೂ ಜಾಗ ಬೇಕು, ಯಾಕೆಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಕಾಲು ತಾಗಿಸುತ್ತದೆ. ಓದುತ್ತಿರುವ ಪದವನ್ನು ಬಣ್ಣದಲ್ಲಿ ತೋರಿಸುತ್ತಾ ದನಿಯಲ್ಲಿ ಹೇಳುವ ತಂತ್ರಾಂಶ ಇಂಥ ಮಕ್ಕಳಿಗೆ ನಿಜವಾಗಿ ಉಪಯೋಗ. ‘ಹೀಗೆ ಕೇಳಿಸಿಕೊಂಡರೆ ಓದಿದ ಹಾಗಾಯಿತಾ’ ಎಂದು ಒಬ್ಬ ಮೇಡಂ ನನ್ನನ್ನು ಕೇಳಿದರು. ಇತಿಹಾಸದ ಪಾಠದಲ್ಲಿ ನೀವು ಕಲಿಸಬೇಕಾದ್ದು ಇತಿಹಾಸವಾ, ಓದುವುದಾ ಅಂತ ನಾನು ಕೇಳಿದೆ. ಉತ್ತರ ಇನ್ನೂ ಬಂದಿಲ್ಲ.

ಕೃತಕ ಬುದ್ಧಿಮತ್ತೆ ಬಗ್ಗೆ ಹೇಳದೆ ಬಿಡುವುದಿಲ್ಲ ನೀವು. ಫೋಟೋ ತೋರಿಸಿದರೆ ಅದರಲ್ಲಿ ಏನಿದೆ ಎಂದು ಹೇಳುವ ಆಪ್‌ಗಳು ಈಗ ಬಹಳ ಚೆನ್ನಾಗಿವೆ. 2015ರಲ್ಲಿ ಬಂದ ಬಿ ಮೈ ಐಸ್ ಎಂಬ ಆಪ್ ಶುರುವಿನಲ್ಲಿ ಮನುಷ್ಯರ ಮೇಲೇ ನಿಂತಿತ್ತು. ನೀವು ಕ್ಯಾಮೆರಾ ಹಿಡಿದರೆ ಜಗತ್ತಿನ ಯಾವುದೋ ಮೂಲೆಯ ಸ್ವಯಂಸೇವಕರು ನೋಡಿ ಹೇಳುತ್ತಿದ್ದರು. ಈಗಲೂ ಹೇಳುತ್ತಾರೆ, ಯಂತ್ರವೂ ಹೇಳುತ್ತದೆ. ವ್ಯತ್ಯಾಸ ಏನಪ್ಪಾ ಅಂದರೆ, ಮನುಷ್ಯ ಕಾಣದಿದ್ದರೆ ‘ಸರಿ ಕಾಣ್ತಿಲ್ಲ, ಸ್ವಲ್ಪ ಎತ್ತಿ ಹಿಡೀರಿ’ ಅನ್ನುತ್ತಾನೆ. ಯಂತ್ರ ಎಷ್ಟೋ ಸಲ ಇಲ್ಲದ್ದನ್ನೂ ಧೈರ್ಯವಾಗಿ ಹೇಳಿಬಿಡುತ್ತದೆ. ಅಂಗಿಯ ಬಣ್ಣ ತಪ್ಪಾದರೆ ನಕ್ಕು ಸುಮ್ಮನಾಗಬಹುದು. ಔಷಧಿ ಬಾಟಲಿಯ ಚೀಟಿ ತಪ್ಪಾಗಿ ಓದಿದರೆ? ಬಳಸುವವರಿಗೆ ಈ ಅಪಾಯ ನಮಗಿಂತ ಚೆನ್ನಾಗಿ ಗೊತ್ತು. ಅವರು ಎರಡು ಕಡೆ ಕೇಳಿ ನೋಡುತ್ತಾರೆ.

ಕೊನೆಯದಾಗಿ ಒಂದು ಮನೆಗೆಲಸ. ನಿಮ್ಮ ಫೋನ್‌ನಲ್ಲೇ ಸ್ಕ್ರೀನ್ ರೀಡರ್ ಇದೆ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್. ಎರಡೂ 2009ರಿಂದಲೇ ಇವೆ, ನಾವು ತೆರೆದು ನೋಡಿಲ್ಲ ಅಷ್ಟೇ. ಇವತ್ತು ರಾತ್ರಿ ಅದನ್ನು ಆನ್ ಮಾಡಿ, ಕಣ್ಣು ಮುಚ್ಚಿ, ನೀವು ಹೋದ ವಾರ ಮಕ್ಕಳಿಗೆ ಕಳಿಸಿದ ಪಾಠ ತೆರೆದು ಹತ್ತು ನಿಮಿಷ ಕೇಳಿ. ಕುರುಡುತನ ಹೇಗಿರುತ್ತದೆ ಎಂದು ಇದರಿಂದ ಗೊತ್ತಾಗುವುದಿಲ್ಲ, ಆ ಭ್ರಮೆ ಬೇಡ. ನಿಮ್ಮ ಪಾಠ ಹೇಗಿದೆ ಎಂದು ಗೊತ್ತಾಗುತ್ತದೆ. ಒಂದು ಎಚ್ಚರಿಕೆ. ಆನ್ ಆದಮೇಲೆ ಫೋನ್ ನಿಮ್ಮ ಮಾತು ಕೇಳುವುದಿಲ್ಲ. ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ. ಆಫ್ ಮಾಡುವುದು ಹೇಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಶಾರ್ಟ್‌ಕಟ್ ಹಾಕಿಟ್ಟಿದ್ದರೆ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳಲ್ಲಿ ವಾಲ್ಯೂಮ್‌ನ ಎರಡೂ ಗುಂಡಿ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಸಾಕು. ನಾನು ಮೊದಲ ಸಲ ಅದನ್ನು ನೋಡಿಕೊಳ್ಳದೆ ಆನ್ ಮಾಡಿ, ಆಫ್ ಮಾಡಲು ಬಾರದೆ, ನಡುರಾತ್ರಿ ಆ ಗೆಳೆಯನಿಗೇ ಫೋನ್ ಮಾಡಬೇಕಾಯಿತು. ಫೋನ್ ಮಾಡಲೂ ಇಪ್ಪತ್ತು ನಿಮಿಷ ಹಿಡಿಯಿತು.